ಇಂಬೊಲ್ಕ್ ಹಬ್ಬಕ್ಕೆ ಬಣ್ಣದ ಪಟ್ಟೆಗಳ ಶಾಲು: ಮೇಲಂಚು ಸುರುಟದ ಹಾಗೆ ಹೆಣೆಯೋದು ಹೇಗೆ?

ತ್ರಿಕೋನ ಶಾಲು ಹೆಣೆಯೋಕೆ ನಿಟ್ ಸ್ಟಿಚ್ (ಸೀದಾ ಹೆಣಿಗೆ) ಒಂದು ಬಂದ್ರೆ ಸಾಕು, ಪರ್ಲ್ (ಉಲ್ಟಾ ಹೆಣಿಗೆ) ಬೇಕಾಗೋದು ಎರಡು ಸಾಲಿಗೊಂದು ಸಲ ಅಷ್ಟೇ. ಆದ್ರೂ ಡಬ್ಲಿನ್‌ನಲ್ಲಿ ನಾವು ಕನ್ನಡದ ಹೆಂಗಸರು ಸೇರಿ ಹೆಣೆಯೋ ಕಡೆ ನೋಡ್ತಾನೇ ಇರ್ತೀನಿ, ಬಣ್ಣ ಚೆನ್ನಾಗಿರತ್ತೆ, ಹೆಣಿಗೆ ನೀಟಾಗಿರತ್ತೆ, ಹೊದ್ದುಕೊಂಡ್ರೆ ಮಾತ್ರ ಮೇಲಿನ ಅಂಚು ದಾರ ಎಳೆದ ಲಂಗದ ನೆರಿಗೆ ಥರ ಸುರುಟಿಕೊಂಡು ಶಾಲು ಹೆಗಲ ಮೇಲೆ ಕೂರಲ್ಲ. ತಿಂಗಳುಗಟ್ಟಲೆ ಮಾಡಿದ ಕೆಲಸ ಕಪಾಟು ಸೇರತ್ತೆ. ಇದು ತಪ್ಪಬೇಕು ಅಂತಾನೇ ಇಷ್ಟುದ್ದ ಬರೀತಿದೀನಿ.

ಮೊದ್ಲು ಹಬ್ಬದ ವಿಷಯ ಹೇಳ್ತೀನಿ, ಬಣ್ಣ ಬರೋದು ಅಲ್ಲಿಂದಾನೇ. ಇಂಬೊಲ್ಕ್ ಅಂದ್ರೆ ಫೆಬ್ರವರಿ 1ರ ಹಬ್ಬ. ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮ ಆಗೋ ದಿನಕ್ಕೂ ಹೆಚ್ಚುಕಮ್ಮಿ ನಟ್ಟನಡುವೆ ಬೀಳತ್ತೆ. ಐರ್ಲೆಂಡಿನ ಹಳೇ ಲೆಕ್ಕದಲ್ಲಿ ವಸಂತ ಶುರುವಾಗೋದೇ ಅವತ್ತಿಂದ, ಕುರಿಗಳು ಮರಿ ಹಾಕಿ ಹಾಲು ಇಳಿಸೋ ಕಾಲ. ಬ್ರಿಜಿಡ್ ಅನ್ನೋ ದೇವತೆಯ ಹಬ್ಬ ಅಂತ ಪೇಗನ್ (ಕ್ರೈಸ್ತ ಧರ್ಮಕ್ಕಿಂತ ಹಳೇ) ನಂಬಿಕೆಯವರು ಇವತ್ತಿಗೂ ಆಚರಿಸ್ತಾರೆ, ಕ್ರೈಸ್ತರಿಗೆ ಅದೇ ದಿನ ಕಿಲ್ಡೇರ್‌ನ ಸಂತ ಬ್ರಿಜಿಡ್ ದಿನ. 2023ರಿಂದ ಇಲ್ಲಿ ಸರ್ಕಾರಿ ರಜೆ ಕೂಡ ಕೊಡ್ತಿದಾರೆ. ಜೊಂಡು ಹುಲ್ಲಲ್ಲಿ ಶಿಲುಬೆ ಹೆಣೆದು ಮನೇಲಿ ತೂಗು ಹಾಕ್ತಾರೆ. ನಂಗೆ ತುಂಬಾ ಇಷ್ಟ ಆಗೋದು ಬಟ್ಟೆ ಇಡೋ ಪದ್ಧತಿ: ಜನವರಿ 31ರ ರಾತ್ರಿ ಒಂದು ತುಂಡು ಬಟ್ಟೆನ ಕಿಟಕಿ ಹೊರಗೋ ಗಿಡದ ಮೇಲೋ ಇಡ್ತಾರೆ, ಆ ರಾತ್ರಿ ಬ್ರಿಜಿಡ್ ಓಡಾಡ್ಕೊಂಡು ಹೋಗುವಾಗ ಅದನ್ನ ಮುಟ್ತಾಳೆ ಅಂತ ನಂಬಿಕೆ. ಬೆಳಿಗ್ಗೆ ಅದನ್ನ ಒಳಗೆ ತಂದು, ತಲೆನೋವು ಗಿಲೆನೋವು ಬಂದಾಗ ಕಟ್ಕೊಳ್ಳೋಕೆ ಅಂತ ಜೋಪಾನವಾಗಿ ಎತ್ತಿಡ್ತಾರೆ. ಬಟ್ಟೆಗೇ ಇಷ್ಟು ಮರ್ಯಾದೆ ಇರೋ ಹಬ್ಬಕ್ಕೆ ಕೈಯಾರೆ ಹೆಣೆದ ಶಾಲಿಗಿಂತ ಒಳ್ಳೇದು ಇನ್ನೇನಿದೆ ಹೇಳಿ.

ಬಣ್ಣ ಮೂರು. ಬಿಳಿ ಕುರಿ ಹಾಲಿಗೆ, ಆ ಹೊತ್ತಿಗೆ ಮಣ್ಣಿಂದ ತಲೆ ಎತ್ತೋ ಸ್ನೋಡ್ರಾಪ್ ಹೂವಿಗೆ. ಹಸಿರು ಜೊಂಡಿಗೆ, ಸ್ನೋಡ್ರಾಪ್‌ನ ಒಳ ಎಸಳಲ್ಲಿ ಒಂದು ಚಿಕ್ಕ ಹಸಿರು ಗುರುತೂ ಇರತ್ತೆ, ಬಗ್ಗಿ ನೋಡಿದ್ರೆ ಕಾಣತ್ತೆ. ಹಳದಿ ಡ್ಯಾಂಡೆಲಿಯನ್‌ಗೆ, ಅದನ್ನ ಇಲ್ಲಿ ಬ್ರಿಜಿಡ್ ಹೂವು ಅಂತಾನೇ ನೋಡ್ತಾರೆ.

ಸಾಮಾನು: ಫಿಂಗರಿಂಗ್ ತೂಕದ ಉಣ್ಣೆ ದಾರ, ಅಂದ್ರೆ 100 ಗ್ರಾಂಗೆ ಸುಮಾರು 400 ಮೀಟರ್ ಬರೋದು. ಬಿಳಿ 100 ಗ್ರಾಂ, ಹಸಿರು 100, ಹಳದಿ 50. ನೀಡಲ್ 4 ಎಂಎಂ ಸರ್ಕ್ಯುಲರ್ (ಎರಡು ಕಡ್ಡಿ ನಡುವೆ ಕೇಬಲ್ ಇರೋದು), ಕೇಬಲ್ 100 ಸೆಂಟಿಮೀಟರ್ ಇರ್ಲಿ, ಕೊನೇಲಿ 409 ಸ್ಟಿಚ್ ಅದ್ರ ಮೇಲೆ ಕೂರಬೇಕು. ಬೈಂಡ್ ಆಫ್‌ಗೆ, ಅಂದ್ರೆ ಕೊನೇಲಿ ಸ್ಟಿಚ್ ಮುಚ್ಚೋಕೆ, 5 ಎಂಎಂ ನೀಡಲ್ ಇನ್ನೊಂದು. ಸ್ಟಿಚ್ ಗುರುತಿಗೆ, ತೆಗೆದು ಹಾಕೋಕೆ ಬರೋ ಒಂದು ಮಾರ್ಕರ್.

ದಾರ ಉಣ್ಣೆದೇ ಇರ್ಲಿ ಅಂತ ಒತ್ತಿ ಹೇಳ್ತೀನಿ. ನಮ್ಮ ಊರಲ್ಲಿ ಬೇಬಿ ವುಲ್ ಅಂತ ಮಾರೋದು ಬಹಳಷ್ಟು ಸಲ ಪೂರ್ತಿ ಅಕ್ರಿಲಿಕ್, ಲೇಬಲ್ ತಿರುಗಿಸಿ ಓದಿ. ಅಕ್ರಿಲಿಕ್ ನೀರಲ್ಲಿ ನೆನೆಸಿ ಹರಡಿದ್ರೂ ಒಣಗಿದ್ಮೇಲೆ ವಾಪಸ್ ಮೊದಲಿನ ಥರಾನೇ ಕುಗ್ಗತ್ತೆ, ಶಾಲಿಗೆ ಆಕಾರ ಬರಲ್ಲ. ಇನ್ನು, ತಾನಾಗೇ ಪಟ್ಟೆ ಬೀಳತ್ತೆ ಅಂತ ಮಾರೋ ಸೆಲ್ಫ್ ಸ್ಟ್ರೈಪಿಂಗ್ ದಾರ ಶಾರ್ಟ್‌ಕಟ್ ಅನ್ಸತ್ತೆ, ಆದ್ರೆ ಅದು ಕಾಲುಚೀಲಕ್ಕೆ ಲೆಕ್ಕ ಹಾಕಿ ಬಣ್ಣ ಹಾಕಿರೋದು. ತ್ರಿಕೋನದಲ್ಲಿ ಸಾಲು ಉದ್ದ ಆಗ್ತಾ ಹೋಗತ್ತಲ್ಲ, ಮೇಲೆ ಬೆರಳಗಲ ಇದ್ದ ಪಟ್ಟೆ ಕೆಳಗೆ ಬರೋಷ್ಟ್ರಲ್ಲಿ ಒಂದು ಗೆರೆ ಆಗಿಬಿಡತ್ತೆ. ಬೇಡ.

ಬಣ್ಣ ಬಿಡತ್ತಾ ಅಂತ ಈಗ್ಲೇ ನೋಡ್ಕೊಳ್ಳಿ. ಹಸಿರು ದಾರದ ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆ ಒಳಗಿಟ್ಟು ಗಟ್ಟಿಯಾಗಿ ಒತ್ತಿ, ಬಟ್ಟೆ ಹಸಿರಾದ್ರೆ ಆ ದಾರ ಬಿಳಿ ಪಕ್ಕ ಬರಲೇಬಾರದು.

ಶುರು ಮಾಡೋದು. 3 ಸ್ಟಿಚ್ ಕಾಸ್ಟ್ ಆನ್ ಮಾಡಿ (ಅಂದ್ರೆ ನೀಡಲ್ ಮೇಲೆ ಮೊದಲ ಕುಣಿಕೆಗಳನ್ನ ಹಾಕಿ), ಬಿಳಿ ದಾರದಲ್ಲಿ 6 ಸಾಲು ನಿಟ್. ಒಂದು ಪುಟ್ಟ ಪಟ್ಟಿ ಬರತ್ತೆ, ಪಕ್ಕದಲ್ಲಿ 3 ದಿಬ್ಬ ಕಾಣತ್ತೆ. ಹೆಣಿಗೆ ಹಿಂದೆಮುಂದೆ ಮಾಡ್ದೇ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಪಕ್ಕದ ಅಂಚಿನ ಒಂದೊಂದು ದಿಬ್ಬದಿಂದ ಒಂದೊಂದು ಹಾಗೆ 3 ಸ್ಟಿಚ್ ಎತ್ಕೊಳ್ಳಿ, ಇನ್ನೊಂದು ಕಾಲು ಸುತ್ತು ತಿರುಗಿಸಿ ಕಾಸ್ಟ್ ಆನ್ ಅಂಚಿಂದ 3. ಒಟ್ಟು 9. ಈಗ ತಿರುಗಿಸಿ ಒಂದು ಸಾಲು ನಿಟ್. ಕುತ್ತಿಗೆ ಹಿಂದೆ ಗಂಟು ಕಾಣದೆ ನೇರ ಅಂಚು ಬರೋದು ಇದ್ರಿಂದಾನೇ.

ಇನ್ನು ಪೂರ್ತಿ ಶಾಲು ಬರೀ ಎರಡು ಸಾಲಿನ ಪುನರಾವರ್ತನೆ. ಮುಂದಿನ ಕಡೆ (ಶಾಲಿನ ಮುಖ ನಮ್ಮ ಕಡೆ ಇರೋ ಸಾಲು): 3 ನಿಟ್, ಯಾರ್ನ್ ಓವರ್ (ದಾರನ ನೀಡಲ್ ಮೇಲೆ ಒಂದು ಸುತ್ತು ಹಾಕೋದು), ನಡುವಿನ ಸ್ಟಿಚ್ ತನಕ ನಿಟ್, ಯಾರ್ನ್ ಓವರ್, ನಡುವಿನದು ನಿಟ್, ಯಾರ್ನ್ ಓವರ್, ಕೊನೇ 3 ಉಳಿಯೋ ತನಕ ನಿಟ್, ಯಾರ್ನ್ ಓವರ್, 3 ನಿಟ್. ಹಿಂದಿನ ಕಡೆ: ಎಲ್ಲಾ ನಿಟ್, ನಡುವಿನ ಒಂದು ಸ್ಟಿಚ್ ಮಾತ್ರ ಪರ್ಲ್. ಮಾರ್ಕರ್ ಆ ನಡುವಿನ ಸ್ಟಿಚ್‌ಗೇ ಹಾಕಿ, ಪಕ್ಕದ ನೀಡಲ್ ಮೇಲಲ್ಲ, ಅಲ್ಲಿದ್ರೆ ಯಾರ್ನ್ ಓವರ್ ಅಡಿಯಿಂದ ನುಸುಳಿ ಆಚೆ ಈಚೆ ಹೋಗತ್ತೆ.

ಎರಡು ಸಾಲಿಗೆ ಒಂದು ದಿಬ್ಬ, ಒಂದು ದಿಬ್ಬಕ್ಕೆ 4 ಸ್ಟಿಚ್ ಜಾಸ್ತಿ. ಪಟ್ಟೆ ಹೀಗೆ: ಬಿಳಿ 5 ದಿಬ್ಬ, ಹಸಿರು 3, ಹಳದಿ 2. ಹತ್ತು ದಿಬ್ಬದ ಈ ಗುಂಪು ಹತ್ತು ಸಲ. ಒಂದೊಂದು ಗುಂಪು ಮುಗಿದಾಗ ಎಣಿಸಿ, 49, 89, 129, 169, ಹೀಗೆ 40 ಕೂಡ್ತಾ ಬಂದು ಕೊನೆಗೆ 409. ಯಾವಾಗ್ಲೂ 9ರಲ್ಲೇ ಮುಗೀಬೇಕು, ಇಲ್ಲಾಂದ್ರೆ ಎಲ್ಲೋ ಯಾರ್ನ್ ಓವರ್ ಬಿಟ್ಟಿದೀರಿ. ಬಿಚ್ಚೋಕೆ ಹೋಗ್ಬೇಡಿ. ಬಿಟ್ಟ ಜಾಗದಲ್ಲಿ ಎರಡು ಸ್ಟಿಚ್ ನಡುವೆ ಅಡ್ಡ ಇರೋ ದಾರನ ನೀಡಲ್ ಮೇಲೆ ಎತ್ಕೊಂಡು ನಿಟ್ ಮಾಡಿ, ಸಾಲಿನ ಒಳಗೇ ಗೊತ್ತಾದ್ರೆ ತೂತು ಕೂಡ ಹಾಗೇ ಬರತ್ತೆ.

ಈಗ ಎಲ್ಲರೂ ಕೆಡಿಸ್ಕೊಳ್ಳೋ ಜಾಗಕ್ಕೆ ಬರೋಣ, ಬಣ್ಣ ಬದಲಾಯಿಸೋ ಅಂಚು.

ಹತ್ತು ದಿಬ್ಬ ಹೆಣೆದ್ರೆ ಹೆಣಿಗೆ ನೇರಕ್ಕೆ ಸುಮಾರು 5 ಸೆಂಟಿಮೀಟರ್ ಬೆಳೆಯತ್ತೆ. ಆದ್ರೆ ಶಾಲಿನ ಮೇಲಂಚು ನೇರಕ್ಕೆ ಬೆಳೆಯಲ್ಲ, ಓರೆಯಾಗಿ ಬೆಳೆಯತ್ತೆ, ಪ್ರತಿ ಸಲ ಅಂಚಲ್ಲಿ ಸ್ಟಿಚ್ ಕೂಡ್ತಾ ಹೋಗ್ತೀವಲ್ಲ ಅದಕ್ಕೆ. ಅದೇ ಹತ್ತು ದಿಬ್ಬಕ್ಕೆ ಅಂಚು 7 ಸೆಂಟಿಮೀಟರ್ ಬೇಕು. ಮಫ್ಲರ್ ಹೆಣೆದು ಕೈ ಪಳಗಿದವರು ದಾರನ ಅಂಚಲ್ಲಿ ನೇರಕ್ಕೆ ಮೇಲೆಳೆದು ಬಿಗಿ ಮಾಡ್ತಾರೆ, 7 ಬೇಕಾದ ಕಡೆ 5 ಸಿಗತ್ತೆ, ಹತ್ತು ಗುಂಪು ಮುಗಿಯೋಷ್ಟ್ರಲ್ಲಿ ಅಂಚು ಪೂರ್ತಿ ಮುದುಡಿರತ್ತೆ. ಮನೇಲಿ ಕಲಿಸಿದ ಇನ್ನೊಂದು ಅಭ್ಯಾಸ, ಸಾಲಿನ ಮೊದಲ ಸ್ಟಿಚ್ ಹೆಣೆಯದೇ ಸ್ಲಿಪ್ ಮಾಡೋದು. ಮಫ್ಲರ್‌ಗೆ ಅದು ಸೊಗಸು, ಇಲ್ಲಿ ಮಾತ್ರ ಮಾಡಲೇಬೇಡಿ, ಎರಡು ಸಾಲಿಗೆ ಒಂದೇ ಸ್ಟಿಚ್ ಆಗಿ ಅಂಚು ಇನ್ನೂ ಗಿಡ್ಡ ಆಗತ್ತೆ. ಮೊದಲ ಸ್ಟಿಚ್ ಹೆಣೀರಿ, ಸಡಿಲವಾಗಿ.

ಬಣ್ಣ ಯಾವಾಗ್ಲೂ ಮುಂದಿನ ಕಡೆ ಸಾಲಿನ ಶುರುವಲ್ಲೇ ಬದಲಾಯಿಸಿ, ಪಟ್ಟೆ ಗೆರೆ ಚೊಕ್ಕವಾಗಿ ಬರತ್ತೆ, ಹಿಂದೆ ಚುಕ್ಕಿ ಚುಕ್ಕಿ ಕಾಣೋದು ಸಹಜ. ಬಿಳಿ ಮತ್ತೆ ಹಸಿರು ಕತ್ತರಿಸ್ಬೇಡಿ, ಅಂಚಲ್ಲೇ ಜೊತೇಲಿ ಮೇಲೆ ತರೋಣ. ಹಳದಿ ಪ್ರತಿ ಸಲ ಕತ್ತರಿಸಿ, ಒಂದು ಗೇಣು ಬಿಟ್ಟು. ಮೂರೂ ದಾರ ಮೇಲೆ ತಂದ್ರೆ ಅಂಚು ಹಗ್ಗದ ಹಾಗೆ ದಪ್ಪ ಆಗತ್ತೆ, ಮೂರೂ ಕತ್ತರಿಸಿದ್ರೆ ಕೊನೇಲಿ ಅರವತ್ತು ತುದಿ ಸೂಜಿಯಲ್ಲಿ ಸೇರಿಸ್ತಾ ಕೂರಬೇಕು.

ಮೇಲೆ ತರೋದು ಹೇಗಂದ್ರೆ, ಮುಂದಿನ ಕಡೆಯ ಪ್ರತಿ ಸಾಲು ಶುರು ಮಾಡೋ ಮುಂಚೆ ಎಡಗೈಯಲ್ಲಿ ಹಿಂದಿನ ನಾಲ್ಕೈದು ದಿಬ್ಬದ ಅಂಚು ಹಿಡಿದು ಪೂರ್ತಿ ಜಗ್ಗಿ, ಎಷ್ಟು ಜಗ್ಗತ್ತೋ ಅಷ್ಟು. ಜಗ್ಗಿ ಹಿಡಿದಿರೋವಾಗ್ಲೇ ಸುಮ್ನೆ ಕೂತಿರೋ ದಾರನ ಹೆಣೆಯೋ ದಾರಕ್ಕೆ ಒಂದೇ ಸುತ್ತು ಸುತ್ತಿ, ಆಮೇಲೆ ಮೊದಲ ಸ್ಟಿಚ್ ಹೆಣೀರಿ. ಅಂಚು ಬಿಟ್ಟಾಗ ಆ ದಾರ ಸಣ್ಣ ಕುಣಿಕೆ ಥರ ಜೋಲು ಬೀಳಬೇಕು. ನೋಡೋಕೆ ಅಸಹ್ಯ ಅನ್ಸತ್ತೆ, ಎಳೆದು ಸರಿ ಮಾಡೋಣ ಅಂತ ಕೈ ಹೋಗತ್ತೆ, ಹೋಗಕೂಡದು. ಒಗೆದು ಹರಡಿದಾಗ ಆ ಜೋಲು ಅಂಚಿನ ಒಳಗೆ ಸೇರ್ಕೊಳ್ಳತ್ತೆ.

ಪ್ರತಿ ಗುಂಪು ಮುಗಿದಾಗ ಒಂದು ಪರೀಕ್ಷೆ ಮಾಡಿ. ಮೇಲಂಚನ್ನ ಎರಡು ಹೆಬ್ಬೆರಳ ನಡುವೆ ಎಳೀರಿ. ಮೊದಲು ಬಟ್ಟೆ ಬಿಗಿಯಾದ್ರೆ ಸರಿ ಇದೆ. ಪಕ್ಕದಲ್ಲಿ ಬರ್ತಿರೋ ದಾರ ಮೊದಲು ಬಿಗಿಯಾದ್ರೆ ಆ ಹತ್ತು ದಿಬ್ಬ ಬಿಚ್ಚಿ ಮತ್ತೆ ಹೆಣೀರಿ, 89 ಸ್ಟಿಚ್ ಇದ್ದಾಗ ಬಿಚ್ಚೋದು ಒಂದು ಸಂಜೆ ಕೆಲಸ, 369ಕ್ಕೆ ಹೋದ್ಮೇಲೆ ಯಾರಿಗೂ ಮನಸ್ಸು ಬರಲ್ಲ. ಕೈ ತುಂಬಾ ಬಿಗಿ ಇರೋವ್ರಿಗೆ ಇನ್ನೊಂದು ಉಪಾಯ: ಮುಂದಿನ ಕಡೆ ಮೊದಲ ಸ್ಟಿಚ್ ಆದ್ಮೇಲೂ ಕೊನೇ ಸ್ಟಿಚ್‌ಗೆ ಮುಂಚೆಯೂ ಒಂದು ಹೆಚ್ಚುವರಿ ಯಾರ್ನ್ ಓವರ್ ಹಾಕಿ, ವಾಪಸ್ ಬರುವಾಗ ಅದನ್ನ ಹೆಣೆಯದೇ ನೀಡಲ್‌ನಿಂದ ಕೆಳಗೆ ಬಿಟ್ಬಿಡಿ. ಆ ದಾರ ಎಲ್ಲಾ ಅಂಚಿಗೆ ಹಂಚಿ ಹೋಗತ್ತೆ. ಇದನ್ನ ಎಣಿಕೆಗೆ ಸೇರಿಸ್ಬೇಡಿ.

ದಾರ ಗೋಜಲಾಗತ್ತೆ ಅಂತ ಬೇಜಾರಾಗೋವ್ರು ಸಾಲು ಮುಗಿದಾಗ ಹೆಣಿಗೇನ ಒಂದು ಸಲ ಬಲಕ್ಕೆ ತಿರುಗಿಸಿದ್ರೆ ಮುಂದಿನ ಸಲ ಎಡಕ್ಕೆ ತಿರುಗಿಸಿ. ಅಷ್ಟೇ ಸಾಕು.

ದಾರದ ಲೆಕ್ಕದ ಬಗ್ಗೆ ಒಂದು ಮಾತು. 70ನೇ ದಿಬ್ಬಕ್ಕೆ ಬಂದಾಗ ಶಾಲು ಮುಗೀತಾ ಬಂತು ಅನ್ಸತ್ತೆ, ಆದ್ರೆ ಆಗಿರೋದು ಅರ್ಧ ದಾರ ಮಾತ್ರ, ಕೊನೇ 30 ದಿಬ್ಬಕ್ಕೆ ಇನ್ನರ್ಧ ಬೇಕು. ಫೆಬ್ರವರಿ 1ಕ್ಕೆ ಮುಗಿಸ್ಬೇಕು ಅಂದ್ಕೊಂಡವ್ರು ದಿನದ ಲೆಕ್ಕಾನೂ ಹೀಗೇ ಹಾಕಿ, ಕ್ರಿಸ್‌ಮಸ್ ಹೊತ್ತಿಗೆ 70 ದಾಟಿರ್ಬೇಕು. ದಾರ ಕಮ್ಮಿ ಬೀಳೋ ಹಾಗಿದ್ರೆ ಒಂದು ಗುಂಪು ಬಿಟ್ಟು 369ಕ್ಕೇ ನಿಲ್ಸಿ, ಶಾಲು ಚಿಕ್ಕದಾದ್ರೂ ಪಟ್ಟೆ ಪೂರ್ತಿ ಇರತ್ತೆ.

ಬೈಂಡ್ ಆಫ್ ಬಿಳಿ ದಾರದಲ್ಲಿ, 5 ಎಂಎಂ ನೀಡಲ್‌ನಲ್ಲಿ. ಮಾಮೂಲಿ ಥರ ಒಂದರ ಮೇಲೊಂದು ದಾಟಿಸಿ ಮುಚ್ಚೋದು ಬೇಡ, ಕೆಳಗಿನ ಎರಡೂ ಅಂಚು ಹಿಡ್ಕೊಂಡುಬಿಡತ್ತೆ. ಎರಡು ಸ್ಟಿಚ್ ನಿಟ್ ಮಾಡಿ, ಎಡ ನೀಡಲ್‌ನ ಆ ಎರಡರ ಮುಂಭಾಗಕ್ಕೆ ತೂರಿಸಿ ಎರಡನ್ನೂ ಹಿಂದಿನ ಕುಣಿಕೆಯಿಂದ ಸೇರಿಸಿ ಒಂದಾಗಿ ನಿಟ್ ಮಾಡಿ, ಮತ್ತೊಂದು ನಿಟ್, ಮತ್ತೆ ಸೇರಿಸಿ. ಕೊನೇ ತನಕ ಹೀಗೇ. ಅಂಚು ಒಟ್ಟು 2 ಮೀಟರ್ ಇರತ್ತೆ, ಅದರ ನಾಲ್ಕು ಪಟ್ಟು ದಾರ ಮೊದಲೇ ಎತ್ತಿಟ್ಟಿರಿ.

ತುದಿಗಳನ್ನ ಸೂಜಿಯಲ್ಲಿ ಅದೇ ಬಣ್ಣದ ದಿಬ್ಬದ ಒಳಗೆ ಓಡಿಸಿ. ಗಂಟು ಹಾಕ್ಬೇಡಿ. ಕತ್ತರಿಸೋದು ಮಾತ್ರ ಒಣಗಿದ್ಮೇಲೆ.

ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಉಣ್ಣೆಗೆ ಅಂತಾನೇ ಇರೋ ಸೋಪ್ ಒಂದು ಹನಿ ಸಾಕು. ಹಿಂಡಬಾರದು, ಟವೆಲ್‌ನಲ್ಲಿ ಸುತ್ತಿ ಮೇಲೆ ಕಾಲಿಟ್ಟು ಒತ್ತಿ ನೀರು ತೆಗೀರಿ. ನೆಲದ ಮೇಲೆ ಮಕ್ಕಳ ಫೋಮ್ ಮ್ಯಾಟ್ ಹಾಸಿ, ಮೊದಲು ಮೇಲಂಚು ನೇರವಾಗಿ ಎಳೆದು ತುದಿಯಿಂದ ತುದಿಗೆ ಪಿನ್ ಮಾಡಿ, ಹೆಣೆದಾಗ 140 ಸೆಂಟಿಮೀಟರ್ ಇದ್ದದ್ದು ಈಗ ಆರಾಮಾಗಿ 160 ದಾಟತ್ತೆ. ಆಮೇಲೆ ಕೆಳಗಿನ ಚೂಪು, ಕೊನೆಗೆ ಪಕ್ಕದ ಎರಡು ಅಂಚು. ಡಬ್ಲಿನ್ ಚಳಿಯಲ್ಲಿ ಒಣಗೋಕೆ ಎರಡು ದಿನ ಬೇಕು, ಹಾಗಾಗಿ 31ರ ರಾತ್ರಿ ಹೊರಗಿಡೋ ಆಸೆ ಇರೋವ್ರು 28ಕ್ಕೇ ನೀರಿಗೆ ಹಾಕಿ. ಹೊರಗಿಡುವಾಗ ಮುಳ್ಳುಗಿಡ ಬೇಡ, ಕಿಟಕಿ ಕಟ್ಟೆ ಸಾಕು. ಮಳೆ ಬಂದ್ರೆ ಮತ್ತೆ ಪಿನ್ ಮಾಡಬೇಕಾಗತ್ತೆ, ಒದ್ದೆ ಶಾಲನ್ನ ಹ್ಯಾಂಗರ್‌ಗೆ ಮಾತ್ರ ತೂಗು ಹಾಕ್ಬೇಡಿ.