ಒತ್ತು ಮುರಿಯದೆ ಕನ್ನಡ ಫಾಂಟ್ ಸಣ್ಣ ಮಾಡಿದ್ದು: ನನ್ನ ಅನುಭವ

ಸೈಟಿಗೆ ಹಾಕುವ ಕನ್ನಡ ಫಾಂಟು ಕೊನೆಗೂ 90 ಕೆಬಿ ಒಳಗೆ ಬಂತು. ಒತ್ತು, ಗುಣಿತ, ದಪ್ಪ, ತೆಳು ಎಲ್ಲ ಒಂದೇ ಫೈಲಿನಲ್ಲಿ. ಮೂರು ತಿಂಗಳ ಹಿಂದೆ ಹೀಗೆ ಮಾಡ್ತೀನಿ ಅಂತ ಹೇಳಿದಾಗ ಗೆಳೆಯನೊಬ್ಬ ನಕ್ಕಿದ್ದ. "ಸುಮ್ನೆ ಫೋನಲ್ಲಿರೋ ಫಾಂಟೇ ಹಾಕಿ ಮುಗಿಸು ಮಾರಾಯ, ಕನ್ನಡಕ್ಕೆ ಇದೆಲ್ಲ ಆಗಲ್ಲ" ಅಂದಿದ್ದ. ಮೊನ್ನೆ ಅವನೇ ಫೋನ್ ಮಾಡಿ ಕಮಾಂಡ್ ಕೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಒಂದು ಸಣ್ಣ ಪುಸ್ತಕದಂಗಡಿಯ ಸೈಟು. ಹಳೆಯದರಲ್ಲಿ ನಾಲ್ಕು ಟಿಟಿಎಫ್ ಫಾಂಟ್ ಫೈಲು, ಒಟ್ಟು 900 ಕೆಬಿ ಹತ್ತಿರ. ನೆಟ್‌ವರ್ಕ್ ಸರಿ ಇಲ್ಲದ ಕಡೆ ಮೂರು ಸೆಕೆಂಡ್ ಖಾಲಿ ಜಾಗ, ಆಮೇಲೆ ಫೋನಿನ ಫಾಂಟು, ಆಮೇಲೆ ಧುತ್ತೆಂದು ನಮ್ಮ ಫಾಂಟು. ಅಷ್ಟರಲ್ಲಿ ಓದುತ್ತಿದ್ದ ಸಾಲು ಎಲ್ಲಿಗೋ ಜಾರಿರುತ್ತಿತ್ತು.

ಮೊದಲು ಮಾಡಿದ್ದು ಪೆದ್ದ ಕೆಲಸ. ಸೈಟಿನಲ್ಲಿರುವ ಅಕ್ಷರಗಳನ್ನಷ್ಟೇ ಒಂದು ಫೈಲಿಗೆ ಹಾಕಿ, ಫಾಂಟಿನಿಂದ ಬೇಡದ ಅಕ್ಷರ ಕತ್ತರಿಸುವ ಟೂಲಾದ ಪೈಎಫ್‌ಟಿಸಬ್‌ಸೆಟ್‌ಗೆ ಕೊಟ್ಟೆ. ಎರಡು ವಾರ ಚೆಂದ ಇತ್ತು. ಅಂಗಡಿಯವರು ಶೀರ್ಷಿಕೆಯಲ್ಲಿ 'ಝ' ಇರುವ ಒಂದು ಪುಸ್ತಕ ಸೇರಿಸಿದರು ನೋಡಿ, ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾದ ಹಾಗೆ ಆ ಒಂದು ಅಕ್ಷರ ಬೇರೆ ಫಾಂಟಿನಲ್ಲಿ ಬಂತು. "ಇದೊಂದು ಯಾಕಪ್ಪಾ ಹೀಗಿದೆ?" ಅಂತ ರಾತ್ರಿ ಹತ್ತಕ್ಕೆ ಫೋನು.

ಎರಡನೆಯದು ಇನ್ನೂ ದೊಡ್ಡ ಪೆಟ್ಟು. ಗೂಗಲ್ ಫಾಂಟ್ಸ್‌ನಲ್ಲಿ ಜಪಾನಿ ಫಾಂಟನ್ನು ನೂರಕ್ಕೂ ಜಾಸ್ತಿ ಚೂರು ಮಾಡಿ ಕೊಡುತ್ತಾರಲ್ವಾ, ಕನ್ನಡಕ್ಕೂ ಹಾಗೇ ಮಾಡೋಣ ಅಂದುಕೊಂಡೆ. ಹೆಚ್ಚು ಬಳಸುವ ಅಕ್ಷರ ಒಂದು ಫೈಲಿನಲ್ಲಿ, ಅಪರೂಪದವು ಇನ್ನೊಂದರಲ್ಲಿ, ಯಾವ ಅಕ್ಷರಕ್ಕೆ ಯಾವ ಫೈಲು ಅಂತ ಬ್ರೌಸರಿಗೆ ಹೇಳಲು ಯೂನಿಕೋಡ್-ರೇಂಜ್. ಜಪಾನಿಯಲ್ಲಿ ಒತ್ತು ಇಲ್ಲ ಅನ್ನುವುದು ಹೊಳೆಯಲೇ ಇಲ್ಲ. ಎರಡು ವ್ಯಂಜನ, ನಡುವೆ ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮೂರೂ ಒಂದೇ ಫಾಂಟಿನಲ್ಲಿ ಸಿಕ್ಕರೆ ಮಾತ್ರ ಒತ್ತು ಹುಟ್ಟುತ್ತದೆ. ನನ್ನ 'ಜ' ಒಂದು ಕಡೆ, 'ಞ' ಇನ್ನೊಂದು ಕಡೆ. 'ವಿಜ್ಞಾನ' ಹೋಗಿ 'ವಿಜ್‌ಞಾನ' ಆಯಿತು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಪ್ಪಿದ್ದು 18,000, ಮುಂಗಡ 6,000. ಪರೀಕ್ಷೆಗೆ ಅಂತ ಸೆಕೆಂಡ್ ಹ್ಯಾಂಡ್ ಫೋನಿಗೆ ಸುಮಾರು 3,000 ಹೋಯಿತು. ಸೈಟ್ ವೇಗ ಮಾಡುತ್ತೇವೆ ಅನ್ನುವ ಒಂದು ಪ್ಲಗಿನ್‌ಗೆ ವರ್ಷಕ್ಕೆ 4,000 ಚಿಲ್ಲರೆ ಕಟ್ಟಿದೆ. ಅದು ಫಾಂಟನ್ನು ಮುಟ್ಟಲೇ ಇಲ್ಲ. ಆ ತಿಂಗಳು ಗಾರೆ ಕೆಲಸಕ್ಕೆ ಹೋಗಿದ್ದರೆ ಜಾಸ್ತಿ ಸಿಗುತ್ತಿತ್ತು.

ಗೆದ್ದದ್ದು ಹೀಗೆ. ಕನ್ನಡ ಅಕ್ಷರ ಕತ್ತರಿಸುವುದನ್ನು ಬಿಟ್ಟೆ, ದಪ್ಪ ಅಗಲಗಳನ್ನು ಕತ್ತರಿಸಿದೆ. ಏಕ್ ಟೈಪ್‌ನವರ ಅನೇಕ್ ಕನ್ನಡ ಆರಿಸಿಕೊಂಡೆ; ಅದು ವೇರಿಯಬಲ್ ಫಾಂಟು, ಅಂದರೆ ಎಲ್ಲ ದಪ್ಪ ಅಗಲಗಳೂ ಒಂದೇ ಫೈಲಿನಲ್ಲಿ. ದಪ್ಪ 100ರಿಂದ 800, ಅಗಲ 75ರಿಂದ 125. ನನಗೆ ಅಷ್ಟೆಲ್ಲ ಯಾಕೆ? ಫಾಂಟ್‌ಟೂಲ್ಸ್‌ನ ಇನ್‌ಸ್ಟಾನ್ಸರ್‌ನಲ್ಲಿ ಅಗಲವನ್ನು 100ಕ್ಕೆ ಕಟ್ಟಿಹಾಕಿದೆ, ದಪ್ಪ 400ರಿಂದ 700 ಮಾತ್ರ ಉಳಿಸಿಕೊಂಡೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಹೀಗೆ ಕೈಯಾಡಿಸಲು ಅಡ್ಡಿಯಿಲ್ಲ. ಆಮೇಲೆ ಸಬ್‌ಸೆಟ್: ಉಳಿಸಿಕೊಂಡದ್ದು ಕನ್ನಡ ಅಕ್ಷರಗಳು ಪೂರ್ತಿ, ಒತ್ತು ಗುಣಿತ ಜೋಡಿಸುವ ಲೇಔಟ್ ಫೀಚರ್ ಅಷ್ಟೂ, ರೂಪಾಯಿ ಚಿಹ್ನೆ, ಅಕ್ಷರ ಕೂಡಿಸಲು ಬಿಡಿಸಲು ಬಳಸುವ, ಕಣ್ಣಿಗೆ ಕಾಣದ ಎರಡೂ ಜಾಯಿನರ್. ಜಾಯಿನರ್ ಮೊದಲು ಬಿಟ್ಟಿದ್ದೆ, ಆ ಹಳೆ ಫೋನಿನಲ್ಲಿ 'ರ‍್ಯಾಲಿ' ಎಡವಿತು. ಇಂಗ್ಲಿಷ್ ಅಕ್ಷರಗಳಿಗೆ ಫೋನಿನ ಫಾಂಟೇ ಸಾಕು. ವೋಫ್2 (ವೆಬ್ಬಿಗಾಗಿ ಕುಗ್ಗಿಸಿದ ಫಾಂಟ್ ಫೈಲು) ಮಾಡಿದಾಗ 85 ಕೆಬಿ ಆಸುಪಾಸು.

ಸಾಲು ಜಾರುವುದನ್ನು ತಡೆಯಲು ಸೈಜ್-ಅಡ್ಜಸ್ಟ್, ಅಂದರೆ ನಮ್ಮ ಫಾಂಟು ಬರುವ ತನಕ ಕಾಣುವ ಫೋನಿನ ಫಾಂಟನ್ನು ನಮ್ಮದರ ಅಳತೆಗೆ ತರುವುದು. ವಿಂಡೋಸ್‌ನ ನಿರ್ಮಲಾ ಯುಐಗೆ ಒಂದು, ಐಫೋನಿನ ಕನ್ನಡ ಸಂಗಮ್‌ಗೆ ಒಂದು, ಆಂಡ್ರಾಯ್ಡ್‌ನ ನೋಟೋಗೆ ಒಂದು, ಹೀಗೆ ಬೇರೆ ಬೇರೆ ಫಾಂಟ್-ಫೇಸ್ (ಫಾಂಟನ್ನು ಹೇಗೆ ಹಾಕಬೇಕು ಅಂತ ಬ್ರೌಸರಿಗೆ ಹೇಳುವ ಸಾಲುಗಳು) ಬರೆದೆ. ಶೇಕಡಾ ಎಷ್ಟು, ಅಳೆಯಲು ಯಾವ ವಾಕ್ಯ ಬಳಸಿದೆ ಅಂತ ಮಾತ್ರ ಹೇಳುವುದಿಲ್ಲ. ಮೂರು ರಾತ್ರಿ ಕೂತಿದ್ದೇನೆ. ಒತ್ತು ಜಾಸ್ತಿ ಇರುವ ವಾಕ್ಯ ಇರಲಿ, ಅಷ್ಟೇ ಸುಳಿವು.

ಇದರ ನಡುವೆ ಒಂದು ಚಟ. ಮುಖಪುಟದ ಶೀರ್ಷಿಕೆ ಟೈಪ್ ಆದ ಹಾಗೆ ಒಂದೊಂದೇ ಅಕ್ಷರ ಬರಲಿ ಅನ್ನಿಸಿತು. ಸುಮ್ಮನೆ ಒಡೆದರೆ ಗುಣಿತ ಚದುರುತ್ತದೆ, ಅದಕ್ಕೆ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿಕೊಡುವ, ಬ್ರೌಸರಿನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಹಾಕಿದೆ. ಗುಣಿತ ಸರಿಹೋಯಿತು. ಆದರೆ 'ಕ್ಷ' ಮಾತ್ರ 'ಕ್' ಮತ್ತು 'ಷ' ಅಂತ ಎರಡಾಗಿ ಬಂತು. ತೆಲುಗಿನ ಅದೇ ಅಕ್ಷರ ಕೊಟ್ಟು ನೋಡಿದೆ, ಒಂದೇ ಅಂತು! ಹುಡುಕಿದರೆ, ಕಂಪ್ಯೂಟರ್ ಅಕ್ಷರಗಳ ಜಾಗತಿಕ ಮಾನದಂಡವಾದ ಯೂನಿಕೋಡಿನ 2023ರ 15.1 ಆವೃತ್ತಿಯಲ್ಲಿ ಸಂಯುಕ್ತಾಕ್ಷರ ಒಡೆಯಬಾರದು ಅನ್ನುವ ನಿಯಮ ತಂದಿದ್ದಾರೆ. ಪಟ್ಟಿಯಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಎಲ್ಲ ಇವೆ, ಕನ್ನಡ ಇಲ್ಲ. ಚೂರು ಹಲಂತದಲ್ಲಿ ಮುಗಿದರೆ ಮುಂದಿನದಕ್ಕೆ ಅಂಟಿಸು ಅಂತ ನಾಲ್ಕು ಸಾಲು ಬರೆದುಕೊಂಡೆ. ಪಸಂದಾಗಿ ಬಂತು.

ಅಂಗಡಿಯವರು ನೋಡಿ, "ಅಕ್ಷರ ಯಾಕಪ್ಪಾ ಕುಣಿಯುತ್ತೆ, ತೆಗಿ" ಅಂದರು. ತೆಗೆದೆ.

ಫಾಂಟು ಮಾತ್ರ ಅವರಿಗೆ ಹಿಡಿಸಿದೆ. ಬಾಕಿ 12,000ದಲ್ಲಿ ಎಂಟು ಬಂದಿದೆ. ಉಳಿದ ನಾಲ್ಕಕ್ಕೆ ಪುಸ್ತಕ ತಗೊಂಡು ಹೋಗು ಅಂದಿದ್ದಾರೆ.