ಒಗರು ಬಲ್ಲ ನಾಲಿಗೆಗೆ ಕೋತ್ ದ್ಯು ರೋನ್: ಎಂಟು ಯೂರೋ ಕೆಂಪು ವೈನನ್ನು ಪರೀಕ್ಷಿಸುವ ಬಗೆ

ಸಾಗರದ ನಮ್ಮ ಮನೆಯಲ್ಲಿ ಅಡಿಕೆ ಬೇಯಿಸುವ ದಿನಗಳಲ್ಲಿ ಚೊಗರಿನ ವಾಸನೆ ಬಟ್ಟೆಗೆ, ಕೂದಲಿಗೆ, ಹೊದೆಯುವ ಕಂಬಳಿಗೂ ಹತ್ತುತ್ತಿತ್ತು. ಅಪ್ಪ ಹಸಿ ಅಡಿಕೆಯ ಒಂದು ಚೂರನ್ನು ಹಲ್ಲಿನ ನಡುವೆ ಕಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಕೆ ಗೊನೆ ಇಳಿಸುವ ಕಾಲ ಬಂತೋ ಇಲ್ಲವೋ ಹೇಳುತ್ತಿದ್ದರು. ವಸಡು ಮತ್ತು ಕೆನ್ನೆಯ ಒಳಭಾಗ ಹಿಡಿದುಕೊಂಡಂತಾಗುವ ಆ ಒಗರೇ ಅವರ ಅಳತೆಗೋಲು. ಮದ್ಯದ ಹೆಸರನ್ನೂ ಎತ್ತದ ಮನೆ ಅದು. ಅಲ್ಲಿಂದ ಕೆಲಸಕ್ಕೆಂದು ಫ್ರಾನ್ಸಿನ ಲಿಯೊನ್ ನಗರಕ್ಕೆ ಬಂದು ಹದಿನೈದು ವರ್ಷವಾಯಿತು. ಇಲ್ಲಿ ಸಹೋದ್ಯೋಗಿಗಳು ಕೆಂಪು ವೈನಿನ ಟ್ಯಾನಿನ್ ಬಗ್ಗೆ ಅಷ್ಟು ಗಂಭೀರವಾಗಿ ಮಾತನಾಡುವುದನ್ನು ಕೇಳಿ, ಅದು ನನಗೆ ಎಂದೂ ದಕ್ಕದ ವಿದ್ಯೆ ಎಂದುಕೊಂಡಿದ್ದೆ. ಮೊದಲ ಗುಟುಕು ಬಾಯಲ್ಲಿ ತಿರುಗಿದಾಗ ಗುರುತು ಸಿಕ್ಕಿತು: ಟ್ಯಾನಿನ್ ಎಂದರೆ ಒಗರು ಕೊಡುವ ವಸ್ತು. ಅಪ್ಪ ಹಲ್ಲಿನಲ್ಲಿ ಹುಡುಕುತ್ತಿದ್ದದ್ದೂ ಇದನ್ನೇ.

ಷಡ್ರಸಗಳಲ್ಲಿ ಒಗರಿಗೆ ಪ್ರತ್ಯೇಕ ಸ್ಥಾನ ಕೊಟ್ಟ ಭಾಷೆ ನಮ್ಮದು. ಕೆಂಪು ವೈನಿನ ಗುಣ ನಿರ್ಣಯಿಸಲು ಅತಿ ಮುಖ್ಯವಾದ ರುಚಿಯೂ ಅದೇ. ಆದ್ದರಿಂದ ವಿದೇಶದಲ್ಲಿರುವ, ಊಟದ ಮೇಜಿನ ಮೇಲೆ ಬಾಟಲಿ ಬಂದಾಗ ಮುಜುಗರಪಡುವ ಕನ್ನಡಿಗರಿಗೆ ನಾನು ಹೇಳುವುದಿಷ್ಟೇ: ನಿಮ್ಮ ನಾಲಿಗೆಗೆ ಅರ್ಧ ಪಾಠ ಈಗಾಗಲೇ ಬರುತ್ತದೆ. ಉಳಿದ ಅರ್ಧವನ್ನು ಕಲಿಯಲು ನಾನು ಆರಿಸಿಕೊಂಡದ್ದು ಕೋತ್ ದ್ಯು ರೋನ್ ಎಂಬ ಮಿಶ್ರ ವೈನನ್ನು. ಲಿಯೊನ್‌ನಿಂದ ದಕ್ಷಿಣಕ್ಕೆ ಹರಿಯುವ ರೋನ್ ನದಿಯ ಕಣಿವೆಯದು. ನಮ್ಮ ಬೀದಿಯ ಅಂಗಡಿಯಲ್ಲಿ ಆರರಿಂದ ಒಂಬತ್ತು ಯೂರೋಗೆ ಒಳ್ಳೆಯ ಬಾಟಲಿ ಸಿಗುತ್ತದೆ.

ಬಾಟಲಿ ತೆರೆಯುವ ಮೊದಲು ಲೇಬಲ್ ಓದಿ. ಕೋತ್ ದ್ಯು ರೋನ್ ಎಂಬ ಹೆಸರಿಗೆ 1937ರಿಂದ ಕಾನೂನಿನ ರಕ್ಷಣೆ ಇದೆ. ಯಾವ ಊರುಗಳ ದ್ರಾಕ್ಷಿ, ಯಾವ ತಳಿಗಳು, ಎಕರೆಗೆ ಎಷ್ಟು ಇಳುವರಿ ಮೀರಬಾರದು ಎಂಬುದೆಲ್ಲ ಅದರಲ್ಲಿ ನಿಗದಿಯಾಗಿದೆ. ಅದರ ಮೇಲಿನ ಮೆಟ್ಟಿಲು ಕೋತ್ ದ್ಯು ರೋನ್ ವಿಲಾಜ್. ಇಲ್ಲಿ ನಿಯಮಗಳು ಇನ್ನೂ ಬಿಗಿ. ಎಷ್ಟೋ ಸಲ ಒಂದೆರಡು ಯೂರೋ ಮಾತ್ರ ಹೆಚ್ಚು, ಆದರೆ ವ್ಯತ್ಯಾಸ ಬಾಯಿಗೆ ಗೊತ್ತಾಗುತ್ತದೆ. ಇನ್ನೂ ಮೇಲೆ ಜಿಗೊಂದಾಸ್, ವಾಕೆರಾಸ್, 2016ರಲ್ಲಿ ಬಡ್ತಿ ಪಡೆದ ಕೆರಾನ್ ಮುಂತಾದ ಊರುಗಳಿವೆ. ಅವು ತಮ್ಮ ಹೆಸರನ್ನೇ ಲೇಬಲ್ ಮೇಲೆ ಹಾಕಿಕೊಳ್ಳುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಬಾಟಲಿಯಲ್ಲಿ ಇರುವುದು ಮುಖ್ಯವಾಗಿ ಮೂರು ತಳಿಗಳು. ಗ್ರೆನಾಶ್ ಹಣ್ಣಿನ ಸಿಹಿ ನೆನಪನ್ನೂ ಮದ್ಯಸಾರದ ಬಿಸಿಯನ್ನೂ ತರುತ್ತದೆ. ಬಣ್ಣ ತೆಳು, ಒಗರು ಮೃದು. ಸಿರಾ ತಳಿಯಿಂದ ಗಾಢ ಬಣ್ಣ, ಹುಳಿ, ಮೆಣಸಿನ ವಾಸನೆ. ಮೂರ್ವೆದ್ರ್ ತಡವಾಗಿ ಮಾಗುವ, ಬಿಸಿಲನ್ನು ಬೇಡುವ ಹಠಮಾರಿ ಬಳ್ಳಿ. ಅದರ ಒಗರು ಗಟ್ಟಿ, ವಾಸನೆಯಲ್ಲಿ ಚರ್ಮ ಮತ್ತು ಕಾಡಿನ ಛಾಯೆ. ಸಾರಿಗೆ ಬೇಳೆ, ಹುಳಿ, ಪುಡಿ ಸೇರುವ ಹಾಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನೀವು ಪರೀಕ್ಷಿಸಬೇಕಾದದ್ದು ಆ ಹೊಂದಾಣಿಕೆಯನ್ನು.

ಉಷ್ಣತೆ ಸರಿಯಿಲ್ಲದಿದ್ದರೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುವ ಮಾತು ಹೀಟರ್ ಇಲ್ಲದ ಹಳೆಯ ಮನೆಗಳ ಕಾಲದ್ದು. ಜುಲೈನಲ್ಲಿ ನಮ್ಮ ಫ್ಲಾಟಿನೊಳಗೆ 29 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ 14.5 ಶೇಕಡ ಮದ್ಯಸಾರದ ವೈನ್ ಸುರಿದರೆ ಮೂಗಿಗೆ ಸ್ಪಿರಿಟ್ ಹೊರತು ಬೇರೇನೂ ಸಿಗುವುದಿಲ್ಲ. ನಾನು ಬಾಟಲಿಯನ್ನು ಸಾಕಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟು, ಸುಮಾರು 16 ಡಿಗ್ರಿಗೆ ತಂದು ತೆರೆಯುತ್ತೇನೆ. ಬೆಂಗಳೂರಿನಲ್ಲಿ ತೆರೆಯುವವರೂ ಹೀಗೆಯೇ ಮಾಡಲಿ.

ಬಾಯಿ ಕಿರಿದಾಗುತ್ತ ಬರುವ ಲೋಟ ಇರಲಿ. ಅದರ ಕಾಲುಭಾಗ ಮಾತ್ರ ತುಂಬಿ, ಬಿಳಿ ಕಾಗದದ ಮೇಲೆ ಓರೆ ಮಾಡಿ ಅಂಚನ್ನು ನೋಡಿ. ಅಂಚು ನೇರಳೆಯಾಗಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಎರಡು ವರ್ಷದ ಅಗ್ಗದ ವೈನ್ ಆಗಲೇ ಕಂದಾಗಿದ್ದರೆ ಅನುಮಾನಪಡಿ. ಲೋಟದ ಗೋಡೆಯಿಂದ ನಿಧಾನವಾಗಿ ಇಳಿಯುವ ಹನಿಗಳನ್ನು ಕೆಲವರು ಗುಣದ ಲಕ್ಷಣವೆಂದು ತೋರಿಸುತ್ತಾರೆ. ಅವು ಹುಟ್ಟುವುದು ಮದ್ಯಸಾರ ಆವಿಯಾಗುವುದರಿಂದ, ಅವುಗಳಿಂದ ಗುಣ ತಿಳಿಯುವುದಿಲ್ಲ. ಬಣ್ಣಕ್ಕೆ ಇಷ್ಟು ಸಾಕು. ಹೆಚ್ಚು ನೋಡಿದಷ್ಟೂ ಮೋಸ ಹೋಗುತ್ತೇವೆ. ಬೋರ್ದೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟರು. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. ಕಣ್ಣು ಮೂಗಿಗೆ ಮೊದಲೇ ಪಾಠ ಹೇಳಿಕೊಟ್ಟುಬಿಟ್ಟಿತ್ತು.

ಈಗ ಮೂಗು. ಲೋಟವನ್ನು ಅಲುಗಿಸದೆ ಒಮ್ಮೆ, ತಿರುಗಿಸಿ ಇನ್ನೊಮ್ಮೆ ಮೂಸಿ. ಮೊದಲು ಕೇಳಬೇಕಾದ ಪ್ರಶ್ನೆ ಇದು ಯಾವ ಹಣ್ಣು ಎಂದಲ್ಲ, ಇದು ಶುಚಿಯಾಗಿದೆಯೇ ಎಂದು. ಒದ್ದೆ ರಟ್ಟು, ಮಳೆಗಾಲದಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ಬೂಷ್ಟು ಬಂದರೆ ಅದು ಬಿರಡೆಯ ದೋಷ. ಬಿರಡೆಯಿಂದ ವೈನಿಗೆ ಇಳಿಯುವ ಟಿಸಿಎ (ಟ್ರೈಕ್ಲೋರೋಅನಿಸೋಲ್) ಎಂಬ ವಸ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಹಣ್ಣಿನ ವಾಸನೆಯನ್ನೆಲ್ಲ ಅದು ಅದುಮಿಬಿಡುತ್ತದೆ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಹೋಟೆಲಿನಲ್ಲಿ ನನಗೆ ಅಂಥದ್ದೇ ಬಾಟಲಿ ತಂದಿಟ್ಟರು. ಪರಿಚಾರಕ ಇದು ಈ ಮಣ್ಣಿನ ಗುಣ ಎಂದ. ನಂಬಿ ಕುಡಿದು ಹಣ ತೆತ್ತೆ. ಮಲೆನಾಡಿನಲ್ಲಿ ಹುಟ್ಟಿದವಳಿಗೆ ಬೂಷ್ಟಿನ ವಾಸನೆ ಯಾರೂ ಕಲಿಸಬೇಕಿರಲಿಲ್ಲ, ಆದರೂ ಅವನ ಮಾತಿನ ಮುಂದೆ ನನ್ನ ಮೂಗನ್ನು ಬಿಟ್ಟುಕೊಟ್ಟೆ. ಆ ವಾಸನೆ ಬಂದರೆ ಬಾಟಲಿಯನ್ನು ವಾಪಸ್ ಕಳಿಸಿ. ಅದು ನಿಮ್ಮ ಹಕ್ಕು. ಉಗುರುಬಣ್ಣದ ವಾಸನೆ, ವಿನೆಗರ್ ವಾಸನೆ ಬಂದರೂ ಅಷ್ಟೇ. ಬೆಂಕಿಕಡ್ಡಿ ಗೀರಿದ ವಾಸನೆಯೋ ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆಯೋ ಬಂದರೆ ಮಾತ್ರ ಅವಸರ ಬೇಡ. ಸಿರಾ ಹೆಚ್ಚಿರುವ ವೈನಿನಲ್ಲಿ ಗಾಳಿಯ ಕೊರತೆಯಿಂದ ಹೀಗಾಗುತ್ತದೆ. ಜಗ್‌ಗೆ ಸುರಿದು ಇಪ್ಪತ್ತು ನಿಮಿಷ ಬಿಟ್ಟರೆ ಹೆಚ್ಚಾಗಿ ಹೋಗುತ್ತದೆ.

ಶುಚಿಯಾಗಿದ್ದರೆ ಮುಂದೆ ಹಣ್ಣು, ಸಂಬಾರ, ಸೊಪ್ಪು ಎಂದು ಮೂರೇ ಗೂಡುಗಳನ್ನು ಹುಡುಕಿ. ಸ್ಟ್ರಾಬೆರಿ, ಚೆರ್ರಿ ಎಂದು ಇಲ್ಲಿಯವರು ಹೇಳುವ ಜಾಗದಲ್ಲಿ ನನಗೆ ಮಾಗಿದ ನೇರಳೆ ಸಿಗುತ್ತದೆ, ಕೆಲವು ಸಲ ಮುರುಗಲು ಸಿಪ್ಪೆ ಸಿಗುತ್ತದೆ. ಹಾಗೆಯೇ ಬರೆದಿಟ್ಟುಕೊಳ್ಳುತ್ತೇನೆ. ನೀವು ತಿನ್ನದೆ ಬೆಳೆದ ಹಣ್ಣಿನ ಹೆಸರನ್ನು ಹೇಳಿದರೆ ಅದು ಬಾಯಿಪಾಠವಾಗುತ್ತದೆ. ಸೊಪ್ಪಿನ ಗೂಡಿನಲ್ಲಿ ಇರಬೇಕಾದದ್ದು ದಕ್ಷಿಣ ರೋನ್‌ನ ಒಣ ಗುಡ್ಡಗಳ ಪರಿಮಳ. ಥೈಮ್, ರೋಸ್ಮರಿ, ಲ್ಯಾವೆಂಡರ್ ಬೆಳೆಯುವ ಆ ಕುರುಚಲಿಗೆ ಗರೀಗ್ ಎನ್ನುತ್ತಾರೆ.

ಸಂಬಾರದ ವಿಷಯದಲ್ಲಿ ನಮಗೆ ನಿಜವಾದ ನಂಟೊಂದಿದೆ. ಸಿರಾದಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ ಎಂದರೆ ಅದು ಹೋಲಿಕೆಯ ಮಾತಲ್ಲ. ರೊಟಂಡೋನ್ ಎಂಬ ಒಂದೇ ವಸ್ತು ಎರಡರಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಗುರುತಿಸಿದರು. ಊರಿನಿಂದ ತಂದ ಮೆಣಸನ್ನು ನಾಲ್ಕು ಕಾಳು ಜಜ್ಜಿ ಬಟ್ಟಲಲ್ಲಿಟ್ಟು, ಅದನ್ನೊಮ್ಮೆ ಲೋಟವನ್ನೊಮ್ಮೆ ಮೂಸಿದರೆ ಹತ್ತೇ ನಿಮಿಷದಲ್ಲಿ ಪಾಠವಾಗುತ್ತದೆ. ಸಿಗದಿದ್ದರೆ ನೊಂದುಕೊಳ್ಳಬೇಡಿ. ಅದೇ ಸಂಶೋಧನೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ರೊಟಂಡೋನ್ ವಾಸನೆ ಹೆಚ್ಚು ಪ್ರಮಾಣದಲ್ಲೂ ತಿಳಿಯಲಿಲ್ಲ. ನನ್ನ ಗಂಡನೂ ಆ ಐದನೆಯವರು. ನಾನು ಮೆಣಸು ಎಂದು ಕುಣಿಯುವ ಲೋಟದಲ್ಲಿ ಅವರಿಗೆ ಬರೀ ನೇರಳೆ ಸಿಗುತ್ತದೆ. ಇಬ್ಬರೂ ಸರಿಯೇ.

ಬಾಯಿಗೆ ಬನ್ನಿ. ಒಂದು ಚಮಚದಷ್ಟು ವೈನನ್ನು ಬಾಯಿಗೆ ಹಾಕಿಕೊಂಡು, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಎಳೆದು, ವಸಡಿಗೆಲ್ಲ ತಾಗುವಂತೆ ಹೊರಳಿಸಿ. ಎರಡಕ್ಕಿಂತ ಹೆಚ್ಚು ವೈನುಗಳನ್ನು ಹೋಲಿಸುವುದಾದರೆ ಉಗುಳಲೇಬೇಕು. ವೃತ್ತಿಯವರೆಲ್ಲ ಉಗುಳುತ್ತಾರೆ. ಕುಡಿದರೆ ಮೂರನೆಯ ಲೋಟಕ್ಕೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಹುಳಿ ನಾಲಿಗೆಯ ಪಕ್ಕಗಳಲ್ಲಿ ಜೊಲ್ಲು ತರಿಸುತ್ತದೆ. ಮದ್ಯಸಾರ ಗಂಟಲಲ್ಲಿ ಬಿಸಿಯಾಗುತ್ತದೆ. ಒಗರು ಮಾತ್ರ ಜೊಲ್ಲನ್ನು ಕಸಿಯುತ್ತದೆ, ಏಕೆಂದರೆ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುವಿಕೆಯನ್ನು ತೆಗೆದುಬಿಡುತ್ತದೆ. ಇಲ್ಲಿ ನಮ್ಮ ಅನುಭವವೇ ಅಳತೆಗೋಲು. ನಾನು ಮೂರು ದರ್ಜೆ ಮಾಡಿಕೊಂಡಿದ್ದೇನೆ. ನೇರಳೆಯ ಒಗರು ನಾಲಿಗೆಗೆ ಬಣ್ಣ ಹತ್ತಿಸಿ, ಸ್ವಲ್ಪ ತಡವಿ, ಹೋಗಿಬಿಡುತ್ತದೆ. ಗೇರುಹಣ್ಣಿನದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆ ಅಡಿಕೆಯದು ವಸಡನ್ನೇ ಹಿಡಿದು ನಿಲ್ಲುತ್ತದೆ. ಗ್ರೆನಾಶ್ ಹೆಚ್ಚಿರುವ ಒಳ್ಳೆಯ ಕೋತ್ ದ್ಯು ರೋನ್ ನೇರಳೆಯ ದರ್ಜೆಯಲ್ಲಿರಬೇಕು. ಮೂರ್ವೆದ್ರ್ ಜಾಸ್ತಿಯಿದ್ದರೆ ಅಡಿಕೆಯ ಕಡೆಗೆ ಸರಿದರೂ ತಪ್ಪಲ್ಲ, ಅದರ ಜೊತೆ ಹಣ್ಣೂ ಅಷ್ಟೇ ಗಟ್ಟಿಯಾಗಿರಬೇಕು. ಗೇರುಹಣ್ಣಿನಂತೆ ಗಂಟಲು ಕೆರೆದರೆ, ಜೊತೆಗೆ ಹಸಿ ಕಾಂಡದ ಕಹಿ ಇದ್ದರೆ, ದ್ರಾಕ್ಷಿಯೋ ಬೀಜವೋ ಮಾಗಿರಲಿಲ್ಲ, ಇಲ್ಲವೇ ಸಿಪ್ಪೆಯನ್ನು ಅತಿಯಾಗಿ ಹಿಂಡಿದ್ದಾರೆ. ಬಹಳ ಅಗ್ಗದ ಬಾಟಲಿಗಳು ಸೋಲುವುದು ಇಲ್ಲಿಯೇ. ಇನ್ನು ಕೆಲವು ಬಾಟಲಿಗಳಲ್ಲಿ ಒಗರೇ ಇರುವುದಿಲ್ಲ, ಜಾಮ್‌ನಂತೆ ಸಿಹಿ ಭ್ರಮೆ ಹುಟ್ಟಿಸಿ ಕೊನೆಗೆ ಗಂಟಲು ಸುಡುತ್ತವೆ. ಮೊದಲ ಗುಟುಕಿಗೆ ಅವು ಗೆಲ್ಲುತ್ತವೆ, ಎರಡನೆಯ ಲೋಟ ಬೇಡವಾಗುತ್ತದೆ. ಬರ ಮತ್ತು ಬಿಸಿಯ ವರ್ಷವಾದ 2022ರ ಬಾಟಲಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಏಪ್ರಿಲ್‌ನ ಹಿಮ ಬಳ್ಳಿಗಳನ್ನು ಸುಟ್ಟ 2021 ತಂಪಿನ ವರ್ಷ. ಆ ವರ್ಷದವು ತೆಳುವಾಗಿದ್ದರೂ ಹುಳಿ ಚುರುಕು. ನನಗೆ ಅಂಥವೇ ಇಷ್ಟ.

ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯುತ್ತದೆ ಎಂದು ಎಣಿಸಿ. ಒಂದು ಸೆಕೆಂಡಿಗೆ ಫ್ರೆಂಚರು ಒಂದು ಕೋದಲಿ ಎನ್ನುತ್ತಾರೆ. ಎಣಿಸಬೇಕಾದದ್ದು ಹಣ್ಣಿನ ನೆನಪನ್ನು, ಉರಿಯನ್ನಲ್ಲ. ಎಂಟು ಯೂರೋ ಬಾಟಲಿ ಐದಾರು ಸೆಕೆಂಡು ನಿಂತರೆ ನಾನು ತೃಪ್ತಳು.

ಬೆಲೆಯ ಮೋಹದಿಂದ ಪಾರಾಗಲು ತಿಂಗಳಿಗೊಮ್ಮೆ ತ್ರಿಕೋನ ಪರೀಕ್ಷೆ ಮಾಡಿ. ಮೂರು ಲೋಟಗಳಲ್ಲಿ ಎರಡಕ್ಕೆ ಒಂದೇ ವೈನ್, ಒಂದಕ್ಕೆ ಬೇರೆ. ಸುರಿಯುವವರು ಬೇರೆಯವರಾಗಿರಲಿ, ಬಾಟಲಿಗಳು ಕಾಗದದಲ್ಲಿ ಸುತ್ತಿರಲಿ. ಬೇರೆಯದು ಯಾವುದು ಎಂದು ಮೊದಲು ಹೇಳಿ, ಯಾವುದು ಉತ್ತಮ ಎಂಬುದನ್ನು ಆಮೇಲೆ ನೋಡೋಣ. ಬೇರೆಯದೇ ಸಿಗದಿದ್ದರೆ ಹೆಚ್ಚಿನ ಬೆಲೆ ಕೊಡುವ ಅಗತ್ಯ ಆ ದಿನಕ್ಕೆ ನಿಮಗಿಲ್ಲ.

ಊಟದ ಜೊತೆಯ ಪರೀಕ್ಷೆಯನ್ನೂ ಬಿಡಬೇಡಿ, ಈ ವೈನ್ ಇರುವುದೇ ಊಟಕ್ಕೆ. ಮೆಣಸಿನಕಾಯಿಯ ಖಾರ ಮದ್ಯಸಾರದ ಉರಿಯನ್ನು ಹೆಚ್ಚಿಸುತ್ತದೆ, ಆದ್ದರಿಂದ ಖಾರದ ಪಲ್ಯದ ಜೊತೆ ಇಟ್ಟು ವೈನನ್ನು ದೂರಬೇಡಿ. ನಮ್ಮ ಮನೆಯಲ್ಲಿ ಮಾಂಸವಿಲ್ಲ. ಪುಯ್ ಊರಿನ ಹಸಿರು ಮಸೂರ, ಹುರಿದ ಅಣಬೆ, ಖಾರ ಕಡಿಮೆ ಮಾಡಿದ ಬದನೆ ಎಣ್ಣೆಗಾಯಿ, ಸೇಂ ಮಾರ್ಸೆಲಾಂ ಚೀಸ್ ಇವುಗಳ ಜೊತೆ ನೋಡುತ್ತೇನೆ. ಚೀಸಿನ ಪ್ರೋಟೀನು ಒಗರನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಒಂಟಿಯಾಗಿ ಒರಟೆನಿಸಿದ ವೈನ್ ತಟ್ಟೆಯ ಪಕ್ಕದಲ್ಲಿ ಪಳಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಕಳೆದ ಶನಿವಾರ ಒಂದು ಸಹಕಾರಿ ಸಂಘದ 2022ರ ವಿಲಾಜ್ ತಂದಿದ್ದೆ. ಎಂಟು ಯೂರೋ ಇಪ್ಪತ್ತು ಸೆಂಟ್, 14.5 ಶೇಕಡ. ನನ್ನ ಪುಸ್ತಕದಲ್ಲಿ ಹೀಗಿದೆ: "ಅಂಚು ನೇರಳೆ. ಮೊದಲು ಬೆಂಕಿಕಡ್ಡಿ, ಕಾಲು ಗಂಟೆಯಲ್ಲಿ ಹೋಯಿತು. ಆಮೇಲೆ ನೇರಳೆ, ಒಣಗಿದ ಥೈಮ್, ಬಹಳ ಹಿಂದೆ ಮೆಣಸು. ಹುಳಿ ಸಾಲದು. ಒಗರು ನೇರಳೆಗಿಂತ ಸ್ವಲ್ಪ ಮೇಲೆ, ಗಂಟಲು ಕೆರೆಯುವುದಿಲ್ಲ. ಬಿಸಿ ಇದೆ. ನಾಲ್ಕು ಸೆಕೆಂಡು. ಇಪ್ಪತ್ತಕ್ಕೆ ಹನ್ನೆರಡು." ಉಳಿದ ಅರ್ಧಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟೆ. ಇದು ನಾನು ಎಂದೂ ಬಿಡದ ಕೊನೆಯ ಪರೀಕ್ಷೆ. ದುರ್ಬಲ ವೈನ್ ಒಂದು ರಾತ್ರಿಯ ಗಾಳಿಗೆ ಸಪ್ಪೆಯಾಗುತ್ತದೆ. ಭಾನುವಾರ ಮಧ್ಯಾಹ್ನ ಮಸೂರದ ಜೊತೆ ಮತ್ತೆ ಸುರಿದಾಗ ಬಿಸಿ ತಗ್ಗಿ ಮೆಣಸು ಮುಂದೆ ಬಂದಿತ್ತು, ಒಗರು ಮೆತ್ತಗಾಗಿತ್ತು. ಹನ್ನೆರಡನ್ನು ಹೊಡೆದು ಹದಿನಾಲ್ಕು ಎಂದು ಬರೆದೆ.