ಕಪಾಟಿನ ಕೋವಿಗೆ ತುಕ್ಕು ಹಿಡಿಯದಿರಲು

ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ಕೋವಿಗಳು ಗುಂಡು ಹಾರಿಸಿ ಸವೆಯುವುದು ಅಪರೂಪ. ಹೆಚ್ಚಿನವು ಕೂತಲ್ಲೇ ಕೆಡುತ್ತವೆ. ಅಜ್ಜನ ಕಾಲದ ಜೋಡಿ ನಳಿಗೆಯ 12 ಬೋರ್ ಕೋವಿ ಚರ್ಮದ ಚೀಲದೊಳಗೆ ಹೋಗಿ, ಹೊರಗೋಡೆಗೆ ಒರಗಿದ ಕಬ್ಬಿಣದ ಬೀರುವಿನಲ್ಲಿ ಒಂದು ಮಳೆಗಾಲ ಕಳೆದರೆ ಸಾಕು, ಆಯುಧಪೂಜೆಗೆ ತೆಗೆಯುವಾಗ ನಳಿಗೆಯ ಮೇಲೆ ಕೆಂಪು ಚುಕ್ಕೆ ಎದ್ದಿರುತ್ತದೆ. ಕೆಳಗೆ ಹೇಳಿರುವುದೆಲ್ಲ ಮುಖ್ಯವಾಗಿ ಇಂಥ 12 ಬೋರ್ ಕೋವಿಗೆ.

ಶುಚಿ ಮಾಡುವ ಸಾಮಾನು ದುಬಾರಿಯಲ್ಲ, ಇವುಗಳಿಗೆ ಲೈಸೆನ್ಸೂ ಬೇಡ. ಮೂರು ತುಂಡಿನ ಸರಳು, 12 ಬೋರ್ ಅಳತೆಯ ಫಾಸ್ಫರ್ ಬ್ರಾಂಜ್ ಬ್ರಷ್, ಬಟ್ಟೆ ಸಿಕ್ಕಿಸುವ ತುದಿ, ಉಣ್ಣೆಯ ಮಾಪ್, ಮಸಿ ಕರಗಿಸುವ ಸಾಲ್ವೆಂಟ್, ತೆಳು ಗನ್ ಆಯಿಲ್. ಕಬ್ಬಿಣದ ಸರಳಿಗಿಂತ ಹಿತ್ತಾಳೆಯದೋ ಮರದ್ದೋ ಒಳ್ಳೆಯದು, ನಳಿಗೆಯ ಬಾಯಿಗೆ ಗೀರು ಬೀಳುವುದಿಲ್ಲ. ಬಟ್ಟೆಗೆ ದುಡ್ಡು ಕೊಡಬೇಡಿ. ಹಳೆಯ ಹತ್ತಿ ಪಂಚೆಯನ್ನು 8 ಸೆಂ.ಮೀ. ಚೌಕಗಳಾಗಿ ಕತ್ತರಿಸಿದರೆ ವರ್ಷಕ್ಕೆ ಆಗುತ್ತದೆ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಬೆಂಗಳೂರು ಬೆಳಗಿಗೆ ಅಷ್ಟೇ ಬೇಕಿರುವುದು. ಕಾಲಕ್ರಮೇಣ ಅಂಟಾಗಿ ಕೋವಿಯ ಕುದುರೆಯನ್ನೂ (ಟ್ರಿಗರ್) ಸ್ಪ್ರಿಂಗನ್ನೂ ಹಿಡಿದುಬಿಡುತ್ತದೆ. ಸೀಮೆಎಣ್ಣೆ ಮಸಿ ಬಿಡಿಸುತ್ತದೆ ನಿಜ, ಆದರೆ ಹಾರಿಹೋಗಿ ಲೋಹವನ್ನು ಬೋಳಾಗಿ ಬಿಡುತ್ತದೆ. ಅದರಿಂದ ತೊಳೆದರೆ ಕೂಡಲೇ ಒರೆಸಿ ಎಣ್ಣೆ ಕೊಡಬೇಕು.

ಶುರು ಮಾಡುವ ಮೊದಲು ತೋಟಾಗಳನ್ನು ಬೇರೆ ಕೋಣೆಗೆ ಸಾಗಿಸಿ. ಕೋವಿಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ತೋಟಾ ಕೂರುವ ಎರಡೂ ಚೇಂಬರ್‌ಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ. ನಳಿಗೆಯ ಕೆಳಗಿನ ಮುಂಗೈ ಮರ ಕಳಚಿ ನಳಿಗೆಗಳನ್ನು ಬೇರ್ಪಡಿಸಿ. ಕಿಟಕಿ ತೆರೆದಿರಲಿ, ಅಡುಗೆಮನೆಯ ಕಟ್ಟೆ ಮೇಲಂತೂ ಬೇಡ: ಒರೆಸಿದ ಬಟ್ಟೆಯಲ್ಲಿ ಸೀಸ ಇರುತ್ತದೆ.

ಸರಳು ಯಾವಾಗಲೂ ಚೇಂಬರ್ ಕಡೆಯಿಂದ ಹೋಗಬೇಕು. ಬಾಯಿಯಿಂದ ತಳ್ಳಿದರೆ ಕೊಳೆಯೆಲ್ಲ ಚೇಂಬರ್‌ಗೆ, ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಸಂದಿಗೆ ಬಂದು ಕೂರುತ್ತದೆ. ಮೊದಲು ಒಂದು ಒಣ ಬಟ್ಟೆ, ಆಮೇಲೆ ಸಾಲ್ವೆಂಟ್‌ನಲ್ಲಿ ಅದ್ದಿದ್ದು. ಹತ್ತು ನಿಮಿಷ ಸುಮ್ಮನಿರಿ. ಈ ಹತ್ತು ನಿಮಿಷ ಕಾಯದವರೇ ಆಮೇಲೆ ಅರ್ಧ ಗಂಟೆ ತಿಕ್ಕುತ್ತಾರೆ. ನಂತರ ಬ್ರಾಂಜ್ ಬ್ರಷ್ಷನ್ನು ಹತ್ತು ಹನ್ನೆರಡು ಸಲ ಓಡಿಸಿ. ಪ್ರತಿ ಸಲವೂ ಅದು ಆಚೆ ತುದಿಯಿಂದ ಪೂರ್ತಿ ಹೊರಬರಬೇಕು. ನಡುವೆ ಹಿಂದಕ್ಕೆಳೆದರೆ ಎಳೆಗಳು ಬಾಗಿ ಬ್ರಷ್ ಸಿಕ್ಕಿಕೊಳ್ಳುತ್ತದೆ.

ಕೊಳೆ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನಲ್ಲಿ, ಮತ್ತೆ ಬಾಯಿ ಹತ್ತಿರ ಇನ್ನಷ್ಟು ಕಿರಿದಾಗುವ ಚೋಕ್‌ನಲ್ಲಿ ಸೀಸ ಮೆತ್ತಿಕೊಳ್ಳುತ್ತದೆ. ಈಗಿನ ತೋಟಾಗಳ ಪ್ಲಾಸ್ಟಿಕ್ ವ್ಯಾಡ್ (ಮದ್ದು ಮತ್ತು ಚರೆಯ ನಡುವಿನ ಬಿರಡೆ) ನಳಿಗೆಯ ಉದ್ದಕ್ಕೂ ತೆಳು ಪೊರೆ ಬಿಡುತ್ತದೆ. ನಳಿಗೆಯನ್ನು ಬೆಳಕಿಗೆ ಹಿಡಿದು ಓರೆಯಾಗಿ ತಿರುಗಿಸಿ ನೋಡಿ: ಬೂದುಬಣ್ಣದ ಗೀಟು ಸೀಸ, ಹೊಳೆಯುವ ಪಟ್ಟೆ ಪ್ಲಾಸ್ಟಿಕ್. ಎಷ್ಟು ತಿಕ್ಕಿದರೂ ಕದಲದ ಕಪ್ಪು ಚುಕ್ಕಿ ಕೊಳೆಯಲ್ಲ, ತುಕ್ಕು ತಿಂದ ಗುಳಿ. ಅದನ್ನು ಮರಳು ಕಾಗದದಿಂದ ಹೆರೆಯಹೋಗಬೇಡಿ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.

ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಕೊನೆಗೆ ನಾಲ್ಕೈದು ಹನಿ ಎಣ್ಣೆ ಹಾಕಿದ ಮಾಪ್ ಒಮ್ಮೆ ಎಳೆದರೆ ನಳಿಗೆಯ ಕೆಲಸ ಮುಗಿಯಿತು. ಎಕ್ಸ್‌ಟ್ರಾಕ್ಟರ್ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್, ತಿರುಗಣೆ ಕೀಲಿಗೆ ಸಾಸಿವೆ ಕಾಳಿನಷ್ಟು ಗ್ರೀಸ್. ತೋಟಾಕ್ಕೆ ಬಡಿದು ಸಿಡಿಸುವ ಫೈರಿಂಗ್ ಪಿನ್ ತೂತಿಗೆ ಎಣ್ಣೆ ಸುರಿಯಬೇಡಿ. ಹೆಚ್ಚಾದದ್ದು ಒಳಗಿಳಿದು ಹಿಡಿಯ ಮರ ನೆನೆದು ಮೆತ್ತಗಾಗುತ್ತದೆ.

ಕೇಪು ಹಾಕುವ ನಾಡಕೋವಿಯ ಲೆಕ್ಕವೇ ಬೇರೆ. ಕರಿಮದ್ದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಲವಣಗಳು. ಅವು ಗಾಳಿಯ ತೇವ ಹೀರುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾರಿಸಿದ ದಿನವೇ ಕುದಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಕೊಡಿ. ನಾಳೆ ಅಂದರೆ ತುಕ್ಕು ಆಗಲೇ ಬಂದಿರುತ್ತದೆ.

ಇನ್ನು ಸೈಲೆನ್ಸರ್ ವಿಷಯ. ಅಮೆರಿಕದ ವಿಡಿಯೊ ನೋಡಿ ಅದನ್ನು ಕೊಳ್ಳುವುದು, ತೊಳೆಯುವುದು ಹೇಗೆಂದು ಕೇಳುವವರು ಕಡಿಮೆಯಿಲ್ಲ. ಅಲ್ಲಿ 1934ರ ಕಾನೂನಿನಡಿ ನೋಂದಾಯಿಸಿ ಇಟ್ಟುಕೊಳ್ಳಬಹುದು, ಅನೇಕ ರಾಜ್ಯಗಳು ಒಪ್ಪುತ್ತವೆ. ಇಲ್ಲಿ ಹಾಗಿಲ್ಲ. ಸದ್ದು ಅಥವಾ ಬೆಂಕಿಯ ಹೊಳಪು ತಗ್ಗಿಸುವ ಉಪಕರಣವನ್ನು 2016ರ ಆಯುಧ ನಿಯಮಗಳು ನಿಷೇಧಿತ ಆಯುಧಗಳ ವರ್ಗದಲ್ಲೇ ಸೇರಿಸಿವೆ. ಕೈಯಲ್ಲಿರುವ ಸಾಧಾರಣ ಲೈಸೆನ್ಸ್ ಅದಕ್ಕೆ ಹೊಂದುವುದಿಲ್ಲ. ಬೇರೆ ಹೆಸರು ಹಚ್ಚಿ ಆನ್‌ಲೈನ್‌ನಲ್ಲಿ ಮಾರುವವರ ಮಾತಿಗೂ ಬೀಳಬೇಡಿ. ಹಾಗೆ ನೋಡಿದರೆ ಅದು ಸಿನಿಮಾದಲ್ಲಿ ತೋರಿಸುವಷ್ಟು ಸದ್ದಡಗಿಸುವುದೂ ಇಲ್ಲ, ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್ ಇಳಿಸುತ್ತದೆ ಅಷ್ಟೇ. ಕಿವಿ ಉಳಿಸಿಕೊಳ್ಳಲು ಫೋಮ್ ಪ್ಲಗ್ ಒಳಗೆ, ಅದರ ಮೇಲೆ ಇಯರ್ ಮಫ್. ಎರಡೂ ಸೇರಿದರೆ ರಕ್ಷಣೆ ಕೂಡಿಕೆಯಾಗಿ ದುಪ್ಪಟ್ಟಾಗುವುದಿಲ್ಲ, ಒಂದಕ್ಕಿಂತ ಸುಮಾರು 5 ಡೆಸಿಬೆಲ್ ಹೆಚ್ಚು ಸಿಗುತ್ತದೆ. 12 ಬೋರ್‌ಗೆ ಆ ಐದೂ ಬೇಕು.

ಇಡುವ ಜಾಗವೇ ಅರ್ಧ ಆಯುಷ್ಯ. ಚರ್ಮದ ಮತ್ತು ಸ್ಪಂಜಿನ ಚೀಲ ಸಾಗಿಸಲಿಕ್ಕೆ ಮಾತ್ರ; ಎರಡೂ ತೇವ ಹಿಡಿದಿಟ್ಟು ನಳಿಗೆಗೆ ಒತ್ತಿ ಕೂರಿಸುತ್ತವೆ. ಬೀಗವಿರುವ ಕಪಾಟನ್ನು ಒಳಗೋಡೆಗೆ ಇಡಿ, ಬಚ್ಚಲಿನ ಗೋಡೆಗಲ್ಲ. ಒಳಗಿಟ್ಟ, ತೇವ ಹೀರುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಎಣ್ಣೆ ಬಟ್ಟೆಯಲ್ಲಿ ಹೊರಮೈ ಒರೆಸಿ, ಬೇರೆ ದಿನಗಳಲ್ಲಿ ಮೂರು ತಿಂಗಳಿಗೊಮ್ಮೆ ಸಾಕು. ಬೆವರು ಬೆರಳಿನ ಗುರುತೇ ಎಷ್ಟೋ ಸಲ ತುಕ್ಕಿನ ಮೊದಲ ಚಿತ್ರ. ಹೊರಮೈಯ ಹಗುರ ತುಕ್ಕಿಗೆ ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್ ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಉಜ್ಜಿ; ಒತ್ತಿದರೆ ಬ್ಲೂಯಿಂಗ್ (ಉಕ್ಕಿನ ಮೇಲಿನ ಕಡುನೀಲಿ ರಕ್ಷಣಾ ಪದರ) ಹೋಗುತ್ತದೆ.

ಪೂಜೆ ಮಾಡಬೇಡಿ ಅನ್ನುವವರು ನಾವಲ್ಲ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಇರಲಿ ಆಯುಧಪೂಜೆ ಇರಲಿ, ಕುಂಕುಮವನ್ನು ಮರದ ಹಿಡಿಗೆ ಹಚ್ಚಿ, ಉಕ್ಕಿಗೆ ಬೇಡ. ಚೆಂಡುಹೂವಿನ ಹಸಿ ಹಾರವನ್ನು ನಳಿಗೆ ಮೇಲೆ ರಾತ್ರಿಯಿಡೀ ಬಿಡಬೇಡಿ. ನಿಂಬೆಹಣ್ಣಿನ ರಸ ಸಿಡಿದರೆ ಅದರ ಆಮ್ಲ ಬ್ಲೂಯಿಂಗನ್ನು ತಿನ್ನುತ್ತದೆ, ಅಂದೇ ಒರೆಸಿ.

ಕಾಗದದ ಮಾತು ಚಿಕ್ಕದು. ನಗರ ವ್ಯಾಪ್ತಿಯಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್. 2019ರ ತಿದ್ದುಪಡಿಯ ನಂತರ ಅವಧಿ 5 ವರ್ಷ, ಸಾಧಾರಣವಾಗಿ ಒಬ್ಬರಿಗೆ ಎರಡೇ ಕೋವಿ. ನವೀಕರಣಕ್ಕೆ ಎರಡು ತಿಂಗಳಿಗೂ ಮೊದಲೇ ಅರ್ಜಿ ಹಾಕಿ.

ಚುನಾವಣೆಗೆ ಮುನ್ನ ಕೋವಿ ಠಾಣೆಗೆ ಒಪ್ಪಿಸಲು ಆದೇಶ ಬಂದರೆ, ಹಿಂದಿನ ದಿನ ಶುಚಿ ಮಾಡಿ ಒಳಗೂ ಹೊರಗೂ ಎಂದಿಗಿಂತ ದಪ್ಪವಾಗಿ ಎಣ್ಣೆ ಬಳಿಯಿರಿ. ಚರ್ಮದ ಚೀಲದ ಬದಲು ಎಣ್ಣೆ ಸವರಿದ ಹತ್ತಿ ಚೀಲದಲ್ಲಿ ಕೊಡಿ. ನಂಬರ್ ಕಾಣುವಂತೆ ಫೋಟೊ, ಕೈಯಲ್ಲಿ ರಸೀದಿ. ವಾಪಸ್ ತಂದ ದಿನವೇ ಬಿಚ್ಚಿ ನೋಡಿ. ಹಾರಿಸುವ ಮುಂಚೆ ಆ ದಪ್ಪ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ತೆಗೆದು, ನಳಿಗೆಯ ಆಚೆ ತುದಿಯವರೆಗೆ ಬೆಳಕು ಕಾಣುತ್ತದೆಯೇ ಎಂದು ಪರೀಕ್ಷಿಸಿ. ಒಳಗೆ ಮರೆತ ಒಂದು ತುಂಡು ಪಂಚೆ ಸಾಕು, ನಳಿಗೆ ಉಬ್ಬಿ ಸೀಳಲು.